ಚೆಂಡು ಮೊದಲು ನಡುವಿನವನ ಕೈಗೆ

ಬೆಳಗಿನ ಐದೂಕಾಲು. ವಿಶಾಖಪಟ್ಟಣದ ಕಾಲೇಜೊಂದರ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಚನ್ನಬಸಪ್ಪ ಕಸಬರಿಗೆ ಹಿಡಿದು ನಿಂತಿದ್ದಾರೆ. ಸಮುದ್ರದ ಕಡೆಯ ಗಾಳಿ ಸಿಮೆಂಟಿನ ಮೇಲೆ ಸಣ್ಣ ಮರಳು ಹಾಸಿ ಹೋಗಿದೆ. ಗುಡಿಸದಿದ್ದರೆ ಹುಡುಗರ ಕಾಲು ಜಾರುತ್ತದೆ. ಮೂಲೆಯಿಂದ ಮೂಲೆಗೆ ಗುಡಿಸಿ, ಬಗ್ಗಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಸೀಟಿ.

ಸೀಟಿ ಊದಿದೊಡನೆ ಎಂಟು ಹುಡುಗರು ಓಡಿ ಬರುತ್ತಾರೆ. ಎಲ್ಲರಿಗಿಂತ ಎತ್ತರದವನು, ಆರಡಿ ನಾಲ್ಕಿಂಚಿನ ದುರ್ಗಾಪ್ರಸಾದ್, ಬುಟ್ಟಿಗೆ ಬೆನ್ನು ಮಾಡಿ ನಿಲ್ಲುತ್ತಾನೆ. ಅವನ ಜಾಗಕ್ಕೆ ಸೆಂಟರ್ ಎಂದು ಹೆಸರು. ಬೇರೆ ತಂಡಗಳಲ್ಲಿ ಸೆಂಟರ್ ಎಂದರೆ ಕೊನೆಗೆ ಚೆಂಡು ಪಡೆದು ಬುಟ್ಟಿಗೆ ತುರುಕುವವನು. ಇಲ್ಲಿ ಅವನು ಮೊದಲು ಪಡೆಯುವವನು. ಈ ಅಂಗಳದ ಕಟ್ಟಳೆ ಒಂದೇ: ಚೆಂಡು ಒಮ್ಮೆ ಸೆಂಟರ್‌ನ ಕೈ ಮುಟ್ಟದೆ ಯಾರು ಬುಟ್ಟಿಗೆ ಹಾಕಿದರೂ ಅದು ಲೆಕ್ಕಕ್ಕಿಲ್ಲ.

ಒಬ್ಬ ಹುಡುಗ ದೂರದಿಂದಲೇ ಎಸೆದು ಕುಣಿಯುತ್ತಾನೆ. "ಸಾರ್, ಪಡಿಂದಿ ಕದಾ!"

"ಬಿದ್ದರ ಬೀಳಲಿ. ಗಾಳಿಗೆ ಬಿದ್ದ ಮಾವಿನಕಾಯಿ ಅದು. ಹೋಗು, ಮೊದಲಿಂದ ತಗೊಂಡ್ ಬಾ."

ಚನ್ನಬಸಪ್ಪನವರು ರಾಣೆಬೆನ್ನೂರು ಕಡೆಯವರು. ವಯಸ್ಸು ನಲವತ್ತಾರು. ದ್ವಾರಕಾ ನಗರದ ಬ್ಯಾಂಕೊಂದರಲ್ಲಿ ಗುಮಾಸ್ತರು. ವರ್ಗವಾಗಿ ಇಲ್ಲಿಗೆ ಬಂದು ಹನ್ನೊಂದು ವರ್ಷ, ಈ ಹುಡುಗರಿಗೆ ಸಂಬಳವಿಲ್ಲದೆ ಆಟ ಕಲಿಸುತ್ತ ಒಂಬತ್ತು ವರ್ಷ. ಅವರೂ ಒಂದು ಕಾಲದಲ್ಲಿ ಬ್ಯಾಂಕಿನ ತಂಡದ ಸೆಂಟರ್. ಮೂವತ್ತೊಂದರಲ್ಲಿ ಬಲಮೊಣಕಾಲು ತಿರುಚಿಕೊಂಡಿತು. ಇವತ್ತಿಗೂ ಸೈಕಲ್ಲಿನ ಪೆಡಲನ್ನು ಎಡಗಾಲಿನಿಂದಲೇ ಹೆಚ್ಚು ತುಳಿಯುತ್ತಾರೆ. ಬಡ್ತಿ ಸಿಕ್ಕರೆ ಬೇರೆ ಊರಿಗೆ ಹಾಕುತ್ತಾರೆಂದು ಎರಡು ಸಲ ಬಡ್ತಿಯ ಪರೀಕ್ಷೆಗೆ ಕೂರಲೇ ಇಲ್ಲ.

"ನಮ್ಮನಿಯವರಿಗೆ ಹತ್ತು ಮಂದಿ ಗಂಡಮಕ್ಕಳ್ರೀ," ಎಂದು ನಗುತ್ತಾರೆ ಪತ್ನಿ ರತ್ನಮ್ಮ. "ನಾ ಹಡದಾಕಿ ಒಬ್ಬಾಕಿನ್ನ. ಆಕಿ ಇಸ್ಕೂಲು ಯಾವ ಓಣ್ಯಾಗೈತಿ ಕೇಳ್ರಿ ನೋಡೂಣು, ಹೇಳಿದ್ರ ನನ್ನ ಹೆಸರು ಬದಲಿ ಮಾಡ್ಕೋತೀನಿ."

ಚನ್ನಬಸಪ್ಪ ಕಾಫಿಯ ಲೋಟದೊಳಗೆ ನೋಡುತ್ತಾರೆ.

ಅವರ ಆಟದ ಗುಟ್ಟು ಬಂದದ್ದು ಅಂಗಳದಿಂದಲ್ಲ, ಅಜ್ಜನಿಂದ. ಅಜ್ಜ ಊರ ಗುಡಿಯಲ್ಲಿ ಶ್ರಾವಣ ಮಾಸವಿಡೀ ಪುರಾಣ ಓದುತ್ತಿದ್ದರು. ಒಂದು ಪದ್ಯ ಹಾಡಿ ನಿಲ್ಲುತ್ತಿದ್ದರು. ಆ ನಿಲುಗಡೆಯಲ್ಲಿ ಅರ್ಥ ಹೇಳುವವರು ಬಾಯಿ ತೆರೆಯುತ್ತಿದ್ದರು, ಕೇಳುವವರು ಕುಳಿತಲ್ಲೇ ಸರಿದು ಮುಂದೆ ಬರುತ್ತಿದ್ದರು.

"ಸೆಂಟರ್ ಅನ್ನಾಂವ ಚೆಂಡು ಹಿಡದು ಹಂಗ ನಿಂದರಬೇಕ್ರಿ. ಒಂದ ಉಸಿರು. ಅಷ್ಟರಾಗ ಉಳಿದ ನಾಕು ಮಂದಿ ಅವನ ಮಗ್ಗಲದಿಂದ ಕತ್ತರಿ ಹಾಕಿದಂಗ ಓಡ್ತಾರ. ಯಾರ ಮುಂದ ಜಾಗ ಖಾಲಿ ಐತಿ, ಅವನಿಗೆ ಕೊಡೋದು ಮೊದಲ್ನೇದು. ಇಲ್ಲಾಂದ್ರ ಆ ಕಡೆ ಮೂಲ್ಯಾಗ ನಿಂತಾವಗ ಕೊಡೋದು ಎರಡನೇದು. ಎರಡೂ ಇಲ್ಲಾಂದ್ರ ತಾನ ತಿರುಗಿ ಹಾಕೋದು, ಅದು ಮೂರನೇದು. ಅಂದ್ರ, ಎಲ್ಲಾರ ಊಟ ಆದಮ್ಯಾಲೆ ಉಳಿದಿದ್ದು ಅವನ ಪಾಲು."

ದಿನಕ್ಕೆ ಇನ್ನೂರು ಬಾರಿ ಚೆಂಡು ದುರ್ಗಾಪ್ರಸಾದನ ಕೈಗೆ ಬರುತ್ತದೆ, ಎಡದಿಂದ ನೂರು, ಬಲದಿಂದ ನೂರು. ಬುಟ್ಟಿಗೆ ಅವನು ಎಸೆಯುವುದು ಮೂವತ್ತೇ ಸಲ.

ಮೂರು ವರ್ಷದ ಹಿಂದೆ ಇವನು ಅನಕಾಪಲ್ಲಿಯಿಂದ ಬಂದಾಗ ಎತ್ತರವೊಂದು ಬಿಟ್ಟರೆ ಏನೂ ಇರಲಿಲ್ಲ. ಕೈಗೆ ಬಂದ ಚೆಂಡನ್ನು ಸರ್‍ರನೆ ಹೊಟ್ಟೆಗೆ ಅವುಚಿಕೊಳ್ಳುತ್ತಿದ್ದ. ಗಿಡ್ಡ ಹುಡುಗರು ಕೆಳಗಿನಿಂದ ಕೈ ಹಾಕಿ ಕಸಿದುಕೊಂಡು ಓಡುತ್ತಿದ್ದರು. ಎಷ್ಟು ಬೈದರೂ ಬಿಡಲಿಲ್ಲ. ಒಂದು ಭಾನುವಾರ ಚನ್ನಬಸಪ್ಪ ಬಸ್ಸು ಹತ್ತಿ ಅನಕಾಪಲ್ಲಿಯ ಬೆಲ್ಲದ ಮಂಡಿಗೇ ಹೋದರು. ಅಲ್ಲಿ ದುರ್ಗಾಪ್ರಸಾದ್ ಮತ್ತು ಅವನ ತಾಯಿ ಕೋಟೇಶ್ವರಮ್ಮ ಗಾಡಿಯಿಂದ ಬೆಲ್ಲದ ಅಚ್ಚು ಇಳಿಸುತ್ತಿದ್ದರು. ಬಿಸಿಲಿಗೆ ಮೆತ್ತಗಾದ ಅಚ್ಚು ಒಡೆಯಬಾರದೆಂದು ಪ್ರತಿಯೊಂದನ್ನೂ ಹೊಟ್ಟೆಗೆ ಅವುಚಿಕೊಂಡೇ ಒಯ್ಯುತ್ತಿದ್ದರು.

"ಆವತ್ತು ನನಗ ತಿಳೀತು. ತಪ್ಪು ಅವಂದಲ್ಲ, ಅನ್ನದ್ದು. ಆದ್ರ ಅಲ್ಲೇ ಇನ್ನೊಂದು ನೋಡಿದೆ. ಬೆನ್ನ ಮ್ಯಾಲೆ ಮೂಟಿ ಇದ್ರೂ ಹಿಂದ ಯಾರು ಬಂದ್ರು, ಎಡಕ್ಕ ಹೋದ್ರೋ ಬಲಕ್ಕ ಹೋದ್ರೋ, ತಿರುಗಿ ನೋಡದ ದಾರಿ ಬಿಡತಿದ್ದ. ಬುಟ್ಟಿಗೆ ಬೆನ್ನು ಹಾಕಿ ನಿಂದ್ರಾಂವಗ ಅದಕ್ಕಿಂತ ದೊಡ್ಡ ವಿದ್ಯೆ ಯಾವದೈತ್ರಿ?"

ಚೆಂಡನ್ನು ಹಣೆಯ ಮೇಲಕ್ಕೆ ಹಿಡಿಯುವುದನ್ನು ಕಲಿಸಲು ಎಂಟು ತಿಂಗಳು ಬೇಕಾಯಿತು. "ಪೈನ! ಪೈನ! ಮ್ಯಾಲೆ ಹಿಡಿಯೋ, ಅದು ಬೆಲ್ಲ ಅಲ್ಲೋ ಬಾಬೂ!" ಎಂಬ ಕೂಗು ಈಗಲೂ ಅಂಗಳದ ತಮಾಷೆ. ಚೆಂಡು ಕೆಳಗಿಳಿಸಿದವನು ಯಾರೇ ಆಗಲಿ, ಉಳಿದವರು "ಬೆಲ್ಲಂ!" ಎಂದು ಚೀರುತ್ತಾರೆ.

ಹೋದ ತಿಂಗಳು ವಿಜಯವಾಡದಲ್ಲಿ ಕಾಲೇಜು ತಂಡಗಳ ಪಂದ್ಯಾವಳಿ ನಡೆಯಿತು. ರಾಜ್ಯ ತಂಡದ ತರಬೇತಿ ಶಿಬಿರಕ್ಕೆ ಅಲ್ಲೇ ಆಯ್ಕೆ. ದುರ್ಗಾಪ್ರಸಾದನಿಗೆ ಇದು ಕಾಲೇಜಿನ ಕೊನೆಯ ವರ್ಷ. ರಾಜ್ಯ ತಂಡದ ಪತ್ರವೊಂದಿದ್ದರೆ ಕ್ರೀಡಾಪಟುಗಳಿಗೆ ಮೀಸಲಾದ ನೌಕರಿಗೆ ಅರ್ಜಿ ಹಾಕಬಹುದು. ಇಲ್ಲವಾದರೆ ಮತ್ತೆ ಮಂಡಿ. ಆಯ್ಕೆ ಮಾಡುವವರ ಕೈಯಲ್ಲಿದ್ದದ್ದು ಅಂಕಗಳ ಹಾಳೆ. ಯಾರು ಎಷ್ಟು ಬುಟ್ಟಿಗೆ ಹಾಕಿದರೆಂದು ಅದರಲ್ಲಿ ಬರೆಯುತ್ತಾರೆ, ಯಾರು ಕೊಟ್ಟರೆಂದು ಬರೆಯುವುದಿಲ್ಲ. ಸೆಮಿಫೈನಲ್ ಗೆದ್ದಾಗ ಅವನ ಹೆಸರಿನ ಮುಂದೆ ನಾಲ್ಕೇ ಅಂಕ.

ಫೈನಲ್ಲಿನ ಬೆಳಿಗ್ಗೆ ಕೃಷ್ಣೆಯಲ್ಲಿ ಮಿಂದು ಬಂದ ಚನ್ನಬಸಪ್ಪ ಹುಡುಗನನ್ನು ಪಕ್ಕಕ್ಕೆ ಕರೆದರು. "ಇವತ್ತು ಯಾರಿಗೂ ಕೊಡಬ್ಯಾಡ. ನೀನ ತಿರುಗು, ನೀನ ಹಾಕು," ಎಂದರು.

ಅವನು ಹಾಗೇ ಮಾಡಿದ. ಎದುರಾಳಿಗಳು ಇಬ್ಬರಿಬ್ಬರಾಗಿ ಮುತ್ತಿಕೊಂಡರು. ಹದಿಮೂರು ಸಲ ಎಸೆದ, ಬಿದ್ದದ್ದು ಮೂರು. ಓಡಿ ಬಂದ ಗೆಳೆಯರು ಚಾಚಿದ ಕೈ ಚಾಚಿದಂತೆಯೇ ನಿಂತರು. ಅರ್ಧ ಆಟ ಮುಗಿದಾಗ ತಂಡ ಹನ್ನೊಂದು ಅಂಕ ಹಿಂದೆ.

"ತಪ್ಪು ನಂದ್ರಿ," ಎನ್ನುವಾಗ ಅವರ ದನಿ ತಗ್ಗುತ್ತದೆ. "ಹುಡುಗಗ ಒಳ್ಳೇದಾಗ್ಲಿ ಅಂತ ಆಟಾನ ಮುರಿದೆ. ಅವನ ಬಂದು, ‘ಸಾರ್, ಮನ ಆಟ ಆಡುದಾಂ’ ಅಂದ. ನಮ್ಮ ಆಟ ಆಡೂಣು ಅಂತ ಅವನ ನನಗ ಹೇಳಬೇಕಾತು."

ಉಳಿದರ್ಧದಲ್ಲಿ ದುರ್ಗಾಪ್ರಸಾದ್ ಬುಟ್ಟಿಗೆ ಎಸೆದದ್ದು ಒಂದೇ ಸಲ. ಹನ್ನೊಂದರ ಅಂತರ ಕರಗಿ ಒಂದಕ್ಕೆ ಬಂತು. ಆ ಒಂದರಿಂದಲೇ ಸೋತರು. ಕಳೆದ ವಾರ ಶಿಬಿರದ ಪಟ್ಟಿ ಬಂದಾಗ, ಅವನ ಕೈಯಿಂದ ಚೆಂಡು ಪಡೆದು ಅಂಕ ಗಳಿಸಿದ ಗೆಳೆಯರಿಬ್ಬರ ಹೆಸರೂ ಅದರಲ್ಲಿತ್ತು. ಅವನದಿರಲಿಲ್ಲ. ಅಂಗಳದಲ್ಲಿ ಈಗ ಎಂಟೇ ಹುಡುಗರಿರುವುದು ಅದಕ್ಕೇ. ಮಾರನೆಯ ಬೆಳಿಗ್ಗೆಯೂ ದುರ್ಗಾಪ್ರಸಾದ್ ಐದೂಕಾಲಕ್ಕೇ ಬಂದ. ಚನ್ನಬಸಪ್ಪನವರ ಕೈಯಿಂದ ಕಸಬರಿಗೆ ತಗೊಂಡು ತಾನೇ ಗುಡಿಸಿದ.

ಬುಧವಾರ ಹನ್ನೊಂದು ಗಂಟೆ. ಬ್ಯಾಂಕಿನ ಕೌಂಟರಿನ ಮುಂದೆ ಸಾಲು ಬಾಗಿಲ ತನಕ ಬೆಳೆದಿದೆ. ಮ್ಯಾನೇಜರರ ಕೋಣೆಯಿಂದ ಕರೆ ಬರುತ್ತದೆ: ವಿಜಯವಾಡದಿಂದ ಟ್ರಂಕ್ ಕಾಲ್. ಶಿಬಿರದ ತರಬೇತುದಾರರ ದನಿ ಹೊರಗಿನವರಿಗೂ ಕೇಳುವಷ್ಟು ದೊಡ್ಡದು. ನಿಮ್ಮ ಹುಡುಗರಿಬ್ಬರೂ ಚೆನ್ನಾಗಿ ಓಡುತ್ತಾರೆ, ಓಡಿ ಬಂದು ಬರಿಗೈ ಚಾಚಿ ನಿಲ್ಲುತ್ತಾರೆ, ನಾಲ್ಕು ದಿನದಿಂದ ಇದೇ ಆಗಿದೆ, ಇವರಿಗೆ ಅಲ್ಲಿ ಚೆಂಡು ಕೊಡುತ್ತಿದ್ದವನು ಯಾರು ಎಂದು ಕೇಳುತ್ತಾರೆ. ಹೆಸರು ಹೇಳಿದ ಮೇಲೆ ಆ ಕಡೆ ಹಾಳೆ ಮಗುಚುವ ಸದ್ದು. ಆಮೇಲೆ, ಹನ್ನೆರಡು ಜರ್ಸಿಗಳಲ್ಲಿ ಒಂದನ್ನು ತೆಗೆದಿಡುತ್ತೇನೆ, ಅವನನ್ನು ಕಳಿಸಿ, ಎನ್ನುತ್ತಾರೆ.

ಚನ್ನಬಸಪ್ಪ ರಿಸೀವರ್ ಇಟ್ಟು, ಕೌಂಟರಿಗೆ ಮರಳಿ, ಸಾಲು ಕರಗುವವರೆಗೆ ಕೆಲಸ ಮಾಡುತ್ತಾರೆ. ಆಮೇಲೆ ಅರ್ಧ ದಿನದ ರಜೆ ಬರೆದುಕೊಟ್ಟು ಅನಕಾಪಲ್ಲಿಯ ಬಸ್ಸು ಹತ್ತುತ್ತಾರೆ. ಬೆಳಗಿನ ಆಟ ಮುಗಿಸಿ ಹುಡುಗ ಆಗಲೇ ಮಂಡಿಯ ಕೆಲಸಕ್ಕೆ ಹೋಗಿದ್ದಾನೆ. ಮಂಡಿಯಲ್ಲಿ ಸುದ್ದಿ ಕೇಳಿದ ಕೋಟೇಶ್ವರಮ್ಮ ಕೈಗೆ ಅಂಟಿದ ಬೆಲ್ಲವನ್ನು ಸೆರಗಿಗೆ ಒರೆಸಿಕೊಂಡು ಒಂದೇ ಮಾತು ಕೇಳುತ್ತಾರೆ: "ಅಲ್ಲಿ ಬಾಗಿಲು ಎತ್ತರ ಇದೆಯಾ ಸಾರೂ? ಇವನು ತಲೆ ಚಚ್ಚಿಕೊಳ್ತಾನೆ." ಮಗ ಮಾತ್ರ ತಲೆ ಎತ್ತದೆ, ಹೊಟ್ಟೆಗೆ ಅವುಚಿಕೊಂಡಿದ್ದ ಅಚ್ಚನ್ನು ಮೊದಲು ಮೆಲ್ಲಗೆ ಕೆಳಗಿಡುತ್ತಾನೆ.

ಗುರುವಾರದ ರೈಲಿಗೆ ಹುಡುಗನನ್ನು ಹತ್ತಿಸಿ ಬಂದ ಚನ್ನಬಸಪ್ಪನವರಿಗೆ ನಿಮಗೇನು ಬೇಕು ಎಂದು ಕೇಳಿದರೆ, ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ ಹೇಳುತ್ತಾರೆ:

"ರಾಜ್ಯ ತಂಡದ ಆಟ ಒಂದು ಗ್ಯಾಲರಿಯಾಗ ಕುಂತು ನೋಡಬೇಕ್ರಿ. ಮೂರು ವರ್ಷ ದಿನಾ ಕಲಿಸೀನಿ, ಅವನ ಆಟ ನಾ ನೋಡೇ ಇಲ್ಲ. ಅವನ ಕೈಗೆ ಚೆಂಡು ಹೋತಂದ್ರ ನನ್ನ ಕಣ್ಣು ಉಳಿದ ನಾಕು ಮಂದಿ ಕಡೆ ಓಡತಿತ್ತು. ಅವ ಸರಿ ಮಾಡ್ಯಾನೋ ಇಲ್ಲೋ, ಅವರ ಓಟದಾಗ ಕಾಣತಿತ್ತು. ಒಂದ ಸಲ, ಚೆಂಡು ಎಲ್ಲಿಗರ ಹೋಗ್ಲಿ, ನಾ ಬರೇ ಅವನ್ನ ನೋಡಬೇಕು."