ಎಡಗಡೆಯ ಸದ್ದು

ಹಳೆಯ ಪ್ರಿಆಂಪ್ ಒಂದನ್ನು ಬಹಳ ಕಾಲದ ಮೇಲೆ ಕರೆಂಟಿಗೆ ಹಾಕಿದರೆ ಕಾದ ಧೂಳು, ಬೆಸುಗೆಯ ರಾಳ, ಮರದ ಪಾಲಿಶು ಎಲ್ಲ ಸೇರಿ ಒಂದು ಒಣ ಸಿಹಿ ವಾಸನೆ ಏಳುತ್ತದೆ. ದೋಹಾದ ಅಲ್ ಥುಮಾಮಾ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ, ಊಟದ ಮೇಜಿನ ಮೇಲಿಟ್ಟಿದ್ದ ಉಪ್ಪನ, ಅಂದರೆ ನನ್ನ ತಂದೆಯ, ಪ್ರಿಆಂಪಿನಿಂದ ಮೊದಲ ಸಲ ಆ ವಾಸನೆ ಎದ್ದಾಗ ಕೈಯಲ್ಲಿದ್ದ ಮೀಟರಿನ ಕಡ್ಡಿಗಳು ಹಾಗೇ ನಿಂತವು. ಅಲ್ ಸದ್ದ್‌ನಲ್ಲಿದ್ದ ನಮ್ಮ ಚಿಕ್ಕಂದಿನ ಮನೆ ನೆನಪಾಯಿತು. ಅದನ್ನು ಕೆಡವಿ ಎಷ್ಟೋ ಕಾಲವಾಯಿತು. ಆ ಜಾಗದಲ್ಲೀಗ ಗಾಜಿನ ಕಟ್ಟಡವೊಂದು ನಿಂತಿದೆ. ಅದರ ಎದುರಿನಿಂದ ಕಾರಿನಲ್ಲಿ ಹೋಗುವಾಗ ನಾನು ಬೇಕೆಂದೇ ಆಚೆ ಬದಿ ನೋಡುತ್ತೇನೆ.

ಅದು ಕಂಪೆನಿ ಕೊಟ್ಟಿದ್ದ ಮನೆ. ಒಂದೇ ಅಂತಸ್ತು, ಉದ್ದನೆಯ ಹಾಲ್, ಅಂಗಳದಲ್ಲಿ ಒಂದು ಬೋರೆ ಮರ. ಉಳ್ಳಾಲದಿಂದ ಬಂದ ಉಪ್ಪ ಜನರೇಟರ್ ಶೆಡ್ಡಿನಲ್ಲಿ ಸೂಪರ್‌ವೈಸರ್ ಆಗಿದ್ದರು. ಹಗಲೆಲ್ಲ ಆ ಯಂತ್ರಗಳ ಗರ್ಜನೆಯಲ್ಲಿದ್ದು ಬಂದವರಿಗೆ ಮನೆಯಲ್ಲಿ ಬೇಕಾದದ್ದು ತೊಳೆದಿಟ್ಟಂಥ ಶುದ್ಧ ಸದ್ದು. ದೇಶ ಬಿಟ್ಟು ಹೋಗುವ ಯುರೋಪಿನವರು ಮಾರುತ್ತಿದ್ದ ಸಾಮಾನುಗಳಲ್ಲಿ ಉಪ್ಪ ಹುಡುಕುತ್ತಿದ್ದುದು ಪ್ರಿಆಂಪುಗಳನ್ನು ಮಾತ್ರ. ಕ್ಯಾಸೆಟ್ಟಿನಿಂದಲೋ ರೆಕಾರ್ಡಿನಿಂದಲೋ ಬರುವ ಕ್ಷೀಣ ದನಿಯನ್ನು ಎತ್ತಿ, ಹದ ಮಾಡಿ, ದೊಡ್ಡ ಆಂಪ್ಲಿಫೈಯರಿಗೆ ಒಪ್ಪಿಸುವ ಪೆಟ್ಟಿಗೆ ಅದು. "ಕೆಟ್ಟರೆ ಎಲ್ಲ ಇಲ್ಲೇ ಕೆಡುದು" ಎನ್ನುತ್ತಿದ್ದರು.

ಶುಕ್ರವಾರ ಜುಮಾ ಮುಗಿದ ಮೇಲೆ ಬಸಣ್ಣ ಅಂಕಲ್ ಬರುತ್ತಿದ್ದರು. ಬಾಗಲಕೋಟೆ ಕಡೆಯವರು, ಉಪ್ಪನ ಕಂಪೆನಿಯಲ್ಲೇ ಇಂಜಿನಿಯರ್. ಮಾಂಸ ಮುಟ್ಟದ ಅವರಿಗಾಗಿ ಉಮ್ಮ ಬೇರೆಯೇ ಪಾತ್ರೆಯೊಂದನ್ನು ಇಟ್ಟಿದ್ದರು. ಊಟವಾದ ಮೇಲೆ ಪರೀಕ್ಷೆ. ಬಸಣ್ಣ ತಮ್ಮದೇ ದನಿಯಲ್ಲಿ ಹಳೆಯ ಪೇಪರು ಓದಿ ತುಂಬಿಸಿದ್ದ ಕ್ಯಾಸೆಟ್ಟನ್ನು ಹಾಕುತ್ತಿದ್ದರು. ಎರಡು ಸ್ಪೀಕರುಗಳಿಂದಲೂ ಒಂದೇ ದನಿ ಒಂದೇ ಬಲದಲ್ಲಿ ಬಂದರೆ, ಓದುವ ಮನುಷ್ಯ ಸರಿಯಾಗಿ ಗೋಡೆಯ ನಡುವೆ ನಿಂತಂತೆ ಕೇಳಬೇಕು. ಕೇಳುವಾಗ ಏಸಿ ಬಂದ್. ಆಗಸ್ಟಿನ ಸೆಖೆಯಲ್ಲಿ ಕುತ್ತಿಗೆಯಿಂದ ಬೆವರಿಳಿಯುತ್ತಿದ್ದರೂ ಉಪ್ಪನ ಕುರ್ಚಿಯ ಪಕ್ಕದಲ್ಲಿ ಕೂತು ನಾನೂ ಕಣ್ಣು ಮುಚ್ಚಿ ಕೇಳುತ್ತಿದ್ದೆ. ನನಗೆ ಬಸಣ್ಣ ಅಂಕಲ್ ನಡುವೆಯೇ ನಿಂತಿರುತ್ತಿದ್ದರು.

"ಎಡದ್ದು ಸ್ವಲ್ಪ ಕಮ್ಮಿ ಉಂಟಲ್ಲ ಮಾರಾಯ" ಎಂದು ಉಪ್ಪ ಮೊದಲ ಸಲ ಹೇಳಿದಾಗ ಯಾರಿಗೂ ಏನೂ ಅನ್ನಿಸಲಿಲ್ಲ.

ಬಸಣ್ಣ ಮೀಟರು ಹಚ್ಚಿ ನೋಡಿದರು. "ಎರಡೂ ಸಮ ಅದಾವ್ರಿ ಹಮೀದಭಾಯಿ."

"ಮೀಟರಿಗೆ ಕಿವಿ ಉಂಟಾ?"

ಆ ಪೆಟ್ಟಿಗೆಯನ್ನು ಬಿಚ್ಚಿದರು. ಎಡಗಡೆಯ ಭಾಗಗಳನ್ನೆಲ್ಲ ಬದಲಾಯಿಸಿದರು. ಮುಂದಿನ ವಾರ ಬೇರೊಂದು ಪ್ರಿಆಂಪ್; ಅದರಲ್ಲೂ ಎಡಗಡೆಯೇ ಕಮ್ಮಿ. ಅದನ್ನೂ ಬಿಚ್ಚಿದರು. ನೋಡುತ್ತಾ ನೋಡುತ್ತಾ ಹಾಲ್ ತುಂಬ ಹೊಟ್ಟೆ ಬಗೆದ ಪೆಟ್ಟಿಗೆಗಳು. ಸರಿಯಿದ್ದವು ಕೂಡ ಉಪ್ಪನ ಬೆಸುಗೆಯಿಂದ ಕೆಡತೊಡಗಿದವು. ಮಾತುಮಾತಿಗೆ ರೇಗುತ್ತಿದ್ದರು. ಅಂಗಡಿಯವನು ಡೂಪ್ಲಿಕೇಟ್ ಸಾಮಾನು ಕೊಟ್ಟ ಎಂದರು, ಕರೆಂಟೇ ಸರಿ ಇಲ್ಲ ಎಂದರು. "ಎಲ್ಲದರಲ್ಲಿಯೂ ಎಡಗಡೆಯೇ ಹಾಳಾಗುದು ಹೇಗೆ?" ಎಂದು ಉಮ್ಮ ಒಂದು ದಿನ ಕೇಳಿದಾಗ ಉಪ್ಪ ತಟ್ಟೆ ಬಿಟ್ಟು ಎದ್ದರು.

ಉಮ್ಮನಿಗೆ ಗೊತ್ತಾಗಿತ್ತು, ಬಸಣ್ಣನಿಗೂ. ಅಡುಗೆಮನೆಯ ಬಾಗಿಲಲ್ಲಿ ಅವರಿಬ್ಬರೂ ತಗ್ಗಿದ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದೆ. ಶೆಡ್ಡಿನಲ್ಲಿ ಕೆಲಸ ಮಾಡುವವರಿಗೆ ವರ್ಷ ವರ್ಷ ಮೆಡಿಕಲ್ ಇತ್ತು, ಅದರಲ್ಲಿ ಕಿವಿಯ ಪರೀಕ್ಷೆಯೂ ಇತ್ತು. "ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಕಳಿಸಿದ್ರೆ?" ಎಂದರು ಉಮ್ಮ. ಬಸಣ್ಣ, "ಮೆಡಿಕಲ್‌ನ್ಯಾಗ ಗೊತ್ತಾಗೂದಕಿಂತ ಮನ್ಯಾಗ ಗೊತ್ತಾಗೂದು ಚಲೋರಿ ಅಕ್ಕಾರ" ಎಂದರು.

ಅಂದೇ ಅವರು ಉಪ್ಪನಿಗೆ, "ಒಂದ್ ಕೆಲಸ ಮಾಡ್ರಿ. ಸ್ಪೀಕರಿಗೆ ಬೆನ್ನು ಮಾಡಿ ಹೊಳ್ಳಿ ಕುಂದರ್ರಿ" ಎಂದರು.

"ಯಾಕೆ?"

"ಸುಮ್ನ ಕುಂದರ್ರಿ."

"ಯಲ್ಲಾ, ನಡಿ, ಚಾ ಕುಡಿಯುವ" ಎಂದು ಉಪ್ಪ ಮಾತು ತಿರುಗಿಸಿದರು. ಮುಂದಿನ ವಾರವೂ ಹಾಗೆಯೇ. ಅದರ ಮುಂದಿನ ವಾರ ಯಾರೂ ಹೇಳದೆ ತಾವೇ ಕುರ್ಚಿ ತಿರುಗಿಸಿ, ನಮ್ಮ ಕಡೆ ಮುಖ ಮಾಡಿ ಕೂತರು. ಬಸಣ್ಣ ಕ್ಯಾಸೆಟ್ ಹಾಕಿದರು. ಕಣ್ಣು ಮುಚ್ಚಿದ್ದ ಉಪ್ಪನ ಮುಖ ಮೆಲ್ಲಗೆ ಬದಲಾಗುವುದನ್ನು ನಾವು ಮೂವರೂ ನೋಡಿದೆವು.

"ಈಗ ಬಲಗಡೆಯ ಸ್ಪೀಕರ್ ಕಮ್ಮಿ ಆಯ್ತು" ಎಂದರು.

ಆ ಸ್ಪೀಕರ್ ಈಗ ಅವರ ಎಡಗಿವಿಯ ಬದಿಗಿತ್ತು. ಉಪ್ಪ ಎದ್ದು ಹೋಗಿ ಏಸಿ ಹಾಕಿದರು.

ಮೆಡಿಕಲ್ ಬಂತು, ಆಗಬೇಕಾದದ್ದು ಆಯಿತು. ಊರಿಗೆ ಕಳಿಸಲಿಲ್ಲ, ಸ್ಟೋರಿಗೆ ಹಾಕಿದರು. ಮನೆ ಹೋಯಿತು. ಅಲ್ ಸದ್ದ್‌ನ ಇನ್ನೊಂದು ತುದಿಯಲ್ಲಿ ಸಿಕ್ಕಿದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅಷ್ಟೆಲ್ಲ ಪೆಟ್ಟಿಗೆಗಳಿಗೆ ಜಾಗವಿರಲಿಲ್ಲ. ಗುಜರಿಯವನ ಪಿಕಪ್ಪಿಗೆ ಉಪ್ಪನೇ ಒಂದೊಂದಾಗಿ ಎತ್ತಿ ಕೊಟ್ಟು "ಖಲಾಸ್" ಎಂದರು. ಬೆಳ್ಳಿ ಬಣ್ಣದ ಮುಖದ ಒಂದನ್ನು ಮಾತ್ರ ಇಟ್ಟುಕೊಂಡರು; ಹಚ್ಚಲಿಲ್ಲ. ಬಸಣ್ಣ ಅಂಕಲ್ ಆಮೇಲೂ ಬರುತ್ತಿದ್ದರು. ಇಬ್ಬರೂ ಟಿವಿಯ ದನಿ ತಗ್ಗಿಸಿ ಕ್ರಿಕೆಟ್ ನೋಡುತ್ತಿದ್ದರು. ಕೊನೆಗೆ ಅವರೂ ಕೆಲಸ ಬಿಟ್ಟು ಊರಿಗೆ ಹೋದರು.

ಉಪ್ಪನೂ ಉಮ್ಮನೂ ಈಗ ಉಳ್ಳಾಲದ ಮಣ್ಣಿನಲ್ಲಿದ್ದಾರೆ. ಅಲ್ಲಿಂದ ಸೂಟ್‌ಕೇಸಿನಲ್ಲಿ ಮತ್ತೆ ದೋಹಾಕ್ಕೆ ತಂದ ಆ ಪೆಟ್ಟಿಗೆಯನ್ನೇ ನಾನು ರಜೆ ಬಂದಾಗಲೆಲ್ಲ ಪರೀಕ್ಷಿಸುತ್ತಿದ್ದುದು. ಅಳತೆಯ ಉಪಕರಣಗಳನ್ನು ಸರಿಪಡಿಸುವುದೇ ನನ್ನ ಉದ್ಯೋಗ, ಆದ್ದರಿಂದ ನನಗೆ ಸುಳ್ಳು ಹೇಳಿಕೊಳ್ಳಲೂ ದಾರಿಯಿಲ್ಲ. ಎರಡೂ ಕಡೆಗೆ ಒಂದೇ ಸಿಗ್ನಲ್ ಕೊಟ್ಟು ಅಳೆದೆ, ಸಮ. ತಗ್ಗು ಸ್ವರದಲ್ಲಿ ನೋಡಿದೆ, ಏರು ಸ್ವರದಲ್ಲಿ ನೋಡಿದೆ, ಅರ್ಧ ದಿನ ಕಾಯಿಸಿ ನೋಡಿದೆ, ಕೇಬಲ್ ಬದಲಿಸಿದೆ, ಮೀಟರನ್ನೇ ಬದಲಿಸಿದೆ. ಸಮ. ನನಗೆ ಸಿಟ್ಟು ಬರುತ್ತದೆ. "ಸರಿ ಇರುವುದನ್ನು ಯಾಕೆ ರಿಪೇರಿ ಮಾಡುದು ನೀನು?" ಎಂದು ಗಂಡ ಕೇಳಿದಾಗ ಅವನ ಮೇಲೂ ಬಂತು. ಎಡಗಡೆ ಕೂದಲೆಳೆಯಷ್ಟು ಕಮ್ಮಿ ಇದ್ದರೂ ಸಾಕಿತ್ತು. ಉಪ್ಪ ಕೇಳಿದ್ದು ನಿಜ ಎಂದು ಯಾರಿಗಾದರೂ ಹೇಳಬಹುದಿತ್ತು. ಹೇಳಲು ಯಾರೂ ಉಳಿದಿಲ್ಲ ಎಂಬುದೂ ಗೊತ್ತಿದೆ. ಮೊನ್ನೆ ಮುಚ್ಚಳಕ್ಕೆ ಸ್ಕ್ರೂ ಹಾಕಿಬಿಟ್ಟೆ.

ದೋಹಾದ ಕಾರುಗಳಲ್ಲಿ ಸ್ಟಿಯರಿಂಗ್ ಎಡಗಡೆ. ಹಾಗಾಗಿ ಉಮ್ಮ ಕೂರುತ್ತಿದ್ದುದು ಉಪ್ಪನ ಬಲಕ್ಕೆ, ಕೇಳುವ ಕಿವಿಯ ಕಡೆಗೆ. ಮನೆಯಲ್ಲಿ ಮಾತು ಕಮ್ಮಿಯಾದ ಆ ವರ್ಷಗಳಲ್ಲಿ ಅವರು ಹೇಳಬೇಕಾದದ್ದನ್ನೆಲ್ಲ ಕಾರಿನಲ್ಲೇ ಹೇಳುತ್ತಿದ್ದರು. ಊರಿಗೆ ಹಿಂದಿರುಗಿ ಕಾರು ಕೊಂಡಾಗ ಸ್ಟಿಯರಿಂಗ್ ಬಲಕ್ಕೆ ಬಂತು, ಉಮ್ಮ ಎಡಕ್ಕೆ ಹೋದರು. ಮೊದಲ ದಿನ ಮಂಗಳೂರಿನವರೆಗೂ ಮಾತಾಡಿದರು. ಉಪ್ಪ ರಸ್ತೆ ನೋಡುತ್ತಿದ್ದರು. ಮರುದಿನದಿಂದ ಉಮ್ಮ ಹಿಂದೆ, ಉಪ್ಪನ ಬೆನ್ನ ಹಿಂದಿನ ಸೀಟಿನಲ್ಲಿ, ಬಲಗಡೆಯ ಕಿಟಕಿಯ ಬದಿಗೆ ಬಾಗಿ ಕೂರತೊಡಗಿದರು. ಡ್ರೈವರ್ ಇಟ್ಟ ಮೇಡಮ್ ಎಂದು ನೆರೆಯವರು ನಗುತ್ತಿದ್ದರು. ಉಮ್ಮ ಯಾರಿಗೂ ಕಾರಣ ಹೇಳಲಿಲ್ಲ. ಉಪ್ಪ ಹೋದ ಮೇಲೂ, ಯಾರ ಕಾರು ಹತ್ತಿದರೂ ಅವರು ಆ ಸೀಟನ್ನೇ ಕೇಳುತ್ತಿದ್ದರು. ಕೂತ ಮೇಲೆ ಏನೂ ಮಾತಾಡುತ್ತಿರಲಿಲ್ಲ.