ಟಾಕಿಯ ತಳದ ತಿರುಪು

ಕಳೆದ ತಿಂಗಳು ಗದಗಿನಿಂದ ಮರಳುವಾಗ, ಅಳಿಯನ ಕಾರಿನ ಗಾಲಿಗೆ ಗಾಳಿ ತುಂಬಿಸಲೆಂದು ರಸ್ತೆಬದಿಯ ಪಂಕ್ಚರ್ ಅಂಗಡಿಯೊಂದರ ಮುಂದೆ ನಿಂತಿದ್ದೆವು. ಅಂಗಡಿಯವನು ಬಗ್ಗಿ, ಕಂಪ್ರೆಸರಿನ ಗಾಳಿ ತುಂಬುವ ಟಾಕಿಯ ತಳದಲ್ಲಿದ್ದ ಸಣ್ಣ ನಲ್ಲಿಯನ್ನು ತಿರುಗಿಸಿದ. ಬುಸ್ಸೆಂದು ನುಗ್ಗಿದ ಗಾಳಿಯೊಡನೆ ಕೆಮ್ಮಣ್ಣಿನ ಬಣ್ಣದ ನೀರು ನೆಲಕ್ಕೆ ಚಿಮ್ಮಿತು. ತುಕ್ಕು, ಹಳೆಯ ಎಣ್ಣೆ, ಕಟ್ಟಿ ನಿಂತ ನೀರು, ಮೂರೂ ಬೆರೆತ ಆ ವಾಸನೆ...

"ಇದನ್ನ ಯಾರು ಕಲಿಸಿದರಪಾ ನಿನಗ?" ಎಂದು ಕೇಳಿದೆ.

"ಇದನ್ನೂ ಯಾರರೆ ಕಲಿಸಬೇಕೇನ್ರಿ ಅಜ್ಜಾರ? ಗಾಳಿ ತುಂಬಿದಲ್ಲೆ ನೀರು ನಿಂದರತೈತಿ. ದಿನಾ ಬಿಡಬೇಕು, ಅಷ್ಟ" ಎಂದು ನಕ್ಕ.

ನನಗೆ ನಗು ಬರಲಿಲ್ಲ. ಅಷ್ಟನ್ನು ತಿಳಿಯಲು ನನಗೆ ನಾಲ್ಕು ವರ್ಷ ಹಿಡಿದಿತ್ತು. ತಿಳಿದ ದಿನವೇ ಒಬ್ಬ ಮನುಷ್ಯನನ್ನು ಕಳೆದುಕೊಂಡಿದ್ದೆ.

ಎಂಬತ್ತರ ದಶಕದ ನಡುವಿನ ವರ್ಷಗಳವು. ಅಣ್ಣಿಗೇರಿಯಲ್ಲಿ ಹುಬ್ಬಳ್ಳಿ ರಸ್ತೆಗೆ ಹೊಂದಿಕೊಂಡು ನನ್ನದೊಂದು ಸಣ್ಣ ವರ್ಕ್‌ಶಾಪ್ ಇತ್ತು. ಒಂದು ಲೇಥ್, ಒಂದು ಡ್ರಿಲ್ಲಿಂಗ್ ಮಷಿನ್, ವೆಲ್ಡಿಂಗ್ ಸೆಟ್ಟು, ಮತ್ತೊಂದು ಹಳೆಯ ಏರ್ ಕಂಪ್ರೆಸರ್. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಉಳಿದುದನ್ನೆಲ್ಲ ವಾಚನಾಲಯದ ಪುಸ್ತಕಗಳಿಂದ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಕಲಿತೆ. ಊರ ಹಳೆಯ ಗುಡಿಯ ಬಗ್ಗೆ ಹಿರಿಯರು ಹೇಳುವುದನ್ನು ಅಲ್ಲಿಯ ಶಾಸನದೊಡನೆ ಹೋಲಿಸದೆ ನಂಬಿದವನಲ್ಲ. ಪತ್ರಿಕೆಯಲ್ಲಿ ಬರುವ ಮಳೆಯ ಅಳತೆಯನ್ನೂ ಅಂಗಳದಲ್ಲಿ ಡಬ್ಬಿ ಇಟ್ಟು ಪರೀಕ್ಷಿಸಿದವನು. ಅಂಥ ನಾನು ಒಬ್ಬರ ಮಾತನ್ನು ಮಾತ್ರ ಎಂದೂ ಅಳೆದು ನೋಡಲಿಲ್ಲ.

ಊರಿಗೆಲ್ಲ ಅವರು ಕಾಕಾ. ಹುಬ್ಬಳ್ಳಿಯ ಗಿರಣಿಯೊಂದರಲ್ಲಿ ಫಿಟ್ಟರ್ ಆಗಿದ್ದು, ನಿವೃತ್ತರಾಗಿ ನಮ್ಮ ಓಣಿಗೆ ಬಂದು ನೆಲೆಸಿದ್ದರು. ಹೆಂಡತಿ ತೀರಿದ್ದರು. ಬಿಳಿ ಧೋತರದ ಮೇಲೆ ಗಿರಣಿಯ ಖಾಕಿ ಅಂಗಿಯನ್ನೇ ತೊಡುತ್ತಿದ್ದರು. ಆ ಕಂಪ್ರೆಸರನ್ನು ಆರಿಸಿ ಕೊಡಿಸಿದವರೂ ಅವರೇ. ಅದು ಕೆಟ್ಟಾಗಲೆಲ್ಲ ಬಂದು ದುರಸ್ತಿ ಮಾಡುತ್ತಿದ್ದರು, ಒಂದು ಪೈಸೆಯನ್ನೂ ಮುಟ್ಟುತ್ತಿರಲಿಲ್ಲ. ನಮ್ಮ ಮನೆಯಲ್ಲಿ ರೊಟ್ಟಿ, ಝುಣಕ ಉಂಡು, ಸಂಜೆಯವರೆಗೆ ಲೇಥಿನ ಬಳಿ ಕುಳಿತು, ಕಬ್ಬಿಣ ಕೆತ್ತುವ ಟೂಲನ್ನು ಯಾವ ಓರೆಗೆ ಮಸೆಯಬೇಕೆಂದು ತೋರಿಸಿಕೊಡುತ್ತಿದ್ದರು. ನನ್ನ ತಂದೆ ನಾನು ಚಿಕ್ಕವನಿದ್ದಾಗಲೇ ಹೋಗಿದ್ದರು. ಆ ಜಾಗ ಕಾಕಾನಿಗೆ ಯಾವಾಗ ಸಂದಿತೋ ನನಗೇ ತಿಳಿಯದು...

ಕಂಪ್ರೆಸರ್ ಎರಡು ಮೂರು ತಿಂಗಳಿಗೊಮ್ಮೆ ಕೈಕೊಡುತ್ತಿತ್ತು. ಮೊದಲು ಮೋಟಾರು ನಿಮಿಷಕ್ಕೊಮ್ಮೆ ಶುರುವಾಗಿ ನಿಲ್ಲತೊಡಗುವುದು. ಬಳಿಕ ತಲೆಭಾಗ ಮುಟ್ಟಲಾಗದಷ್ಟು ಕಾಯುವುದು. ಕಡೆಗೆ ಒಳಗಿನ ವಾಲ್ವಿನ ಪತ್ತಿ, ಅಂದರೆ ತೆಳ್ಳನೆಯ ಉಕ್ಕಿನ ಪಟ್ಟಿ, ಮುರಿದು ಗಾಳಿಯೇ ಏರದಾಗುವುದು. ಅದರ ಗಾಳಿಯಿಂದ ಟ್ರ್ಯಾಕ್ಟರಿನ ಟ್ರೈಲರುಗಳಿಗೆ ಹೊಡೆದ ಬಣ್ಣದಲ್ಲಿ ಗುಳ್ಳೆ ಏಳುತ್ತಿದ್ದವು. ಎರೆಮಣ್ಣಿನ ಧೂಳು ಒಳಹೊಕ್ಕು ಹೀಗಾಗುತ್ತದೆ ಎಂದು ಕಾಕಾ ಹೇಳಿದರು, ಊರೂ ಹಾಗೆಯೇ ಹೇಳಿತು. ಆದರೆ ಧೂಳೇಳುವ ಬೇಸಿಗೆಗಿಂತ ಶ್ರಾವಣದ ಜಿಟಿಜಿಟಿಯಲ್ಲೇ ಅದು ಹೆಚ್ಚು ಕೆಡುವುದನ್ನು ನಾನು ಗಮನಿಸಿದ್ದೆ. ಕೇಳಿದೆ. ಆಗ ಅವರು ಬೇರೊಂದು ಕಾರಣ ಕೊಟ್ಟರು.

"ತಮ್ಮಾ, ಖರೇ ಹೇಳ್ಲೇನು? ನಿನ್ನ ಕೈಗುಣ ಗಾಳಿ ಮಷಿನ್ನಿಗೆ ಒಗ್ಗಂಗಿಲ್ಲ. ಲೇಥಿಗೆ ನೀ ರಾಜಾ. ಇದಕ್ಕ ಮಾತ್ರ ಕೈ ಹಚ್ಚಬ್ಯಾಡ. ಆ ತಳದಾಗಿನ ತಿರಪಂತೂ ಮುಟ್ಟಲೇಬ್ಯಾಡ. ಟಾಕಿ ಸೀಳಿ ಗ್ವಾಡಿ ಸಮೇತ ಹೋಗ್ತಿ."

ಟಾಕಿಯ ತಳದಲ್ಲಿ ಮೊದಲಿದ್ದ ನಲ್ಲಿಯನ್ನು ತೆಗೆದು ಆ ದಪ್ಪ ತಿರುಪನ್ನು ಬಿಗಿದವರು ಅವರೇ. ಯಾಕೆಂದು ನಾನು ಕೇಳಿರಲಿಲ್ಲ. ಕೈಗುಣವೆಂಬುದನ್ನು ನಮ್ಮ ಕಡೆ ಔಷಧಿ ಕೊಡುವವರಿಗೆ, ಬೀಜ ಬಿತ್ತುವವರಿಗೆ, ಸಾರಿಗೆ ಒಗ್ಗರಣೆ ಹಾಕುವವರಿಗೂ ಹಚ್ಚಿ ಮಾತಾಡುತ್ತಾರೆ. ಮಳೆಯನ್ನು ಡಬ್ಬಿಯಲ್ಲಿ ಅಳೆದ ನಾನು ಅದನ್ನು ನಂಬಿದೆ. ಕಾಕಾನ ಬಾಯಿಂದ ಕೇಳಿ ಎದುರಿನ ಚಹಾದಂಗಡಿಯಲ್ಲಿ ಕೂಡುವವರೂ ನಂಬಿದರು. ಬಣ್ಣ ಹೊಡೆಯುವ ಗನ್ನನ್ನು ನಾನು ಕೈಗೆತ್ತಿಕೊಂಡರೆ ಗಿರಾಕಿಗಳು, "ನೀವು ಬ್ಯಾಡ್ರಿ ಮಿಸ್ತ್ರಿ, ಕಾಕಾ ಬರಲಿ" ಎನ್ನತೊಡಗಿದರು.

ದುರಸ್ತಿಗೆ ಅವರದೊಂದು ಪದ್ಧತಿಯಿತ್ತು. ಮಷಿನ್ ಬಿಚ್ಚುವ ಮೊದಲು ಕಾಯಿ ಒಡೆಯಬೇಕು, ಆ ಕಾಯಿಯನ್ನು ಯಜಮಾನನೇ ತರಬೇಕು. ಪೇಟೆಗೆ ಹೋಗಿ ಬರಲು ಅರ್ಧ ತಾಸು ಬೇಕಾಗುತ್ತಿತ್ತು. ಮರಳಿದಾಗ ನೆಲ ಒದ್ದೆಯಾಗಿರುತ್ತಿತ್ತು. "ತೊಳದೀನಿ" ಎನ್ನುತ್ತಿದ್ದರು. ಆಮೇಲೆ ನನ್ನ ಕಣ್ಣೆದುರೇ ಪತ್ತಿ ಬದಲಿಸುತ್ತಿದ್ದರು. ಮಷಿನ್ ಹೊಸದರಂತೆ ಉಸಿರಾಡುತ್ತಿತ್ತು.

"ಮಷಿನ್ ಕೆಟ್ಟೈತಂತ ಕಾಕಾ ಬರ್ತಾರೋ, ಕಾಕಾ ಬರಲಿ ಅಂತ ಮಷಿನ್ ಕೆಡತೈತೋ, ಆ ದೇವರಿಗೇ ಗೊತ್ತು" ಎಂದು ನನ್ನ ಹೆಂಡತಿ ಒಮ್ಮೆ ಚೇಷ್ಟೆ ಮಾಡಿದ್ದಳು. ನಾನು ಗದರಿದ್ದೆ.

ಕಂಪ್ರೆಸರ್ ಬಂದ ನಾಲ್ಕನೆಯ ವರ್ಷ ಶಲವಡಿಯ ರೈತನೊಬ್ಬ ತನ್ನ ಟ್ರೈಲರನ್ನು ಬಣ್ಣಕ್ಕೆ ಬಿಟ್ಟಿದ್ದ. ತಂಗಿಯ ಮದುವೆಗೆ ಬೀಗರನ್ನು ಕರೆತರಬೇಕಾದ ಗಾಡಿ. ಅರ್ಧ ಬಣ್ಣವಾದಾಗ ಕಂಪ್ರೆಸರ್ ನಿಂತಿತು.

"ನಾಡ್ದು ಮದುವಿ ಐತ್ರಿ ಮಿಸ್ತ್ರಿ. ಆಗಂಗಿಲ್ಲಂದ್ರ ಈಗ ಹೇಳ್ರಿ, ಗದಗಿಗೆ ಒಯ್ತೀನಿ."

"ಆಗತೈತ್ರಿ. ನನ್ನ ಕೈಗುಣ ಸರಿಯಿಲ್ಲ, ಕಾಕಾನ್ನ ಕರಸ್ತೀನಿ" ಎಂದೆ. ಹೌದು, ನನ್ನ ಬಾಯಿಂದಲೇ ಹಾಗೆಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಂಗಾದ್ರ ಬೋರ್ಡಿನ ಮ್ಯಾಲೆ ಅವರ ಹೆಸರರೆ ಬರಸ್ರಲ್ಲ!" ಎಂದ. ಅಲ್ಲಿದ್ದವರೆಲ್ಲ ನಕ್ಕರು.

ಕಾಕಾ ಬಂದರು. ಎಂದಿನಂತೆ ಕಾಯಿಗೆ ಕಳಿಸಿದರು. ಮನೆಯ ಮುಂದೆ ಹಾದುಹೋಗುವಾಗ ಹೆಂಡತಿ ಕರೆದು, ಪೂಜೆಗೆಂದು ತಂದಿದ್ದ ಕಾಯಿಯೊಂದು ಉಳಿದಿದೆಯೆಂದು ಕೈಗಿತ್ತಳು. ಐದೇ ನಿಮಿಷದಲ್ಲಿ ಮರಳಿದೆ.

ಕಾಕಾ ಟಾಕಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದರು. ಮುಟ್ಟಿದರೆ ಟಾಕಿ ಸೀಳುತ್ತದೆಂದಿದ್ದ ತಿರುಪು ಅವರ ಅಂಗೈಯಲ್ಲಿತ್ತು. ತಳದಿಂದ ಕೆಂಪು ನೀರು ಸುರಿಯುತ್ತಲೇ ಇತ್ತು. ಒಂದು ಬಕೀಟು ತುಂಬಿತು, ಇನ್ನೊಂದು ಅರ್ಧವಾಯಿತು... ಟಾಕಿಯ ಹೊಟ್ಟೆಯಲ್ಲಿ ಅಷ್ಟು ನೀರು ನಿಂತರೆ ಗಾಳಿಗೆ ಜಾಗವೆಲ್ಲಿ? ಮೋಟಾರು ನಿಮಿಷಕ್ಕೊಮ್ಮೆ ಓಡದೆ ಏನು ಮಾಡೀತು? ಪತ್ತಿ ಮುರಿಯದೆ ಎಷ್ಟು ದಿನ ತಾಳೀತು? ಆ ನೀರು ಗಾಳಿಯೊಡನೆ ಬಂದರೆ ಬಣ್ಣದಲ್ಲಿ ಗುಳ್ಳೆ ಏಳದಿದ್ದೀತೇ? ಶ್ರಾವಣದ ತೇವದ ಗಾಳಿಯಲ್ಲೇ ಅದು ಹೆಚ್ಚು ಕೆಟ್ಟದ್ದೇಕೆಂಬುದೂ ಸೇರಿ, ಬಾಗಿಲಲ್ಲಿ ನಿಂತಲ್ಲೇ ನನಗೆ ಎಲ್ಲವೂ ಸ್ಪಷ್ಟವಾಯಿತು.

"ಇದು ದಿನಾ ಬಿಡೂ ನೀರು ಹೌದಲ್ರಿ ಕಾಕಾ?"

ಅವರು ತಿರುಗಲಿಲ್ಲ. "ಹೌದು" ಎಂದರು.

"ನಾಕು ವರ್ಷ ಹೇಳಲಿಲ್ರಿ."

"ಹೇಳಿದ್ರ ನನ್ನ ಕರೀತಿದ್ದೇನು?"

"ಊಟಕ್ಕ ಕರೀತಿದ್ದೆನ್ರಿ. ದಿನಾ ಕರೀತಿದ್ದೆ."

"ಊಟಕ್ಕ ಯಾರನ್ನರೆ ಕರೀತಾರೋ ತಮ್ಮಾ. ಕೆಲಸಕ್ಕ ಕರಿಯೂದು ಬ್ಯಾರೆ."

ಮಾತು ಅಲ್ಲಿಗೇ ನಿಂತಿದ್ದರೆ ನಾನು ಅವರನ್ನು ಕ್ಷಮಿಸಿಬಿಡುತ್ತಿದ್ದೆನೇನೋ. ಆದರೆ ಕೇಳದಿರಲು ಆಗಲಿಲ್ಲ.

"ಮತ್ತ ನನ್ನ ಕೈಗುಣ?"

ಅವರು ತಿರುಪನ್ನು ಧೋತರದ ತುದಿಗೆ ಒರೆಸಿದರು. "ಹಂಗ ಅನ್ನದಿದ್ರ ನೀ ಸುಮ್ಮ ಕುಂಡ್ರಾಂವ ಅಲ್ಲ. ಒಂದ್ ದಿನಾ ಬಿಚ್ಚಿ ನೋಡೇ ನೋಡ್ತಿದ್ದಿ."

ನನ್ನ ಸಂಶಯದ ಸ್ವಭಾವವನ್ನು ಅವರಷ್ಟು ಚೆನ್ನಾಗಿ ಬಲ್ಲವರು ಊರಲ್ಲಿ ಇರಲಿಲ್ಲ. ಬಲ್ಲವರಾದ್ದರಿಂದಲೇ ಅದನ್ನು ಯಾವ ಮಾತಿನಿಂದ ತಡೆಯಬೇಕೆಂಬುದೂ ಅವರಿಗೆ ತಿಳಿದಿತ್ತು.

ಅಂದು ಅವರು ಊಟಕ್ಕೆ ನಿಲ್ಲಲಿಲ್ಲ, ನಾನೂ ಕರೆಯಲಿಲ್ಲ. ಪತ್ತಿಯನ್ನು ನಾನೇ ಬದಲಿಸಿದೆ, ಬಣ್ಣವನ್ನೂ ನಾನೇ ಹೊಡೆದೆ. ಒಂದು ಗುಳ್ಳೆಯೂ ಏಳಲಿಲ್ಲ. ಮರುದಿನ ಶಲವಡಿಯವನು ಟ್ರೈಲರಿನ ಮೇಲೆ ಕೈಯಾಡಿಸಿ, "ಕಾಕಾನ ಕೈ ಅಂದ್ರ ಕೈ ನೋಡ್ರಿ!" ಎಂದು ಹೊಗಳಿ ಹೋದ.

ತಳಕ್ಕೆ ಮತ್ತೆ ನಲ್ಲಿ ಹಾಕಿಸಿ ದಿನವೂ ಬೆಳಿಗ್ಗೆ ನೀರು ಬಿಡತೊಡಗಿದೆ. ಕಂಪ್ರೆಸರ್ ಆಮೇಲೆ ವರ್ಷಗಟ್ಟಲೆ ಕೆಡಲಿಲ್ಲ. ಕಾಕಾ ಕಡೆಯ ಸಲ ಅಂಥ ಗಟ್ಟಿ ದುರಸ್ತಿ ಮಾಡಿಹೋದರು ಎಂದು ಊರು ತೀರ್ಮಾನಿಸಿತು. ಚಹಾದಂಗಡಿಯಲ್ಲಿ ಒಮ್ಮೆ ನಡೆದುದನ್ನೆಲ್ಲ ಹೇಳಿದೆ. "ರೊಕ್ಕಾ ಮುಟ್ಟದ ಮನಿಷಾರಿ ಅಂವ. ಅಂವನ ಮ್ಯಾಲೂ ಸಂಶೇ ಏನ್ರಿ ನಿಮ್ಮದು?" ಎಂದರು. ಗುಡಿಯ ಕತೆಯನ್ನೂ ಮಳೆಯ ಅಳತೆಯನ್ನೂ ಪ್ರಶ್ನಿಸಿದವನ ಮಾತನ್ನು ಯಾರು ಗಣನೆಗೆ ತೆಗೆದುಕೊಳ್ಳುತ್ತಾರೆ? ಮತ್ತೆ ಹೇಳಲು ಹೋಗಲಿಲ್ಲ.

ಕಾಕಾ ಹುಬ್ಬಳ್ಳಿಯ ಮಗಳ ಮನೆಗೆ ಹೋದರು. ಕೆಲವು ವರ್ಷಗಳ ಮೇಲೆ, ಅವರು ತೀರಿದ ಸುದ್ದಿಯನ್ನು ಬಸ್ಸಿನಿಂದ ಇಳಿದ ಪರಿಚಿತರೊಬ್ಬರು ಬಾಗಿಲಲ್ಲೇ ನಿಂತು ಹೇಳಿದರು. ಲೇಥ್ ನಡೆದಿತ್ತು. ನಿಲ್ಲಿಸಲಿಲ್ಲ. ಅವರು ಕಲಿಸಿದ ಓರೆಗೇ ಮಸೆದ ಟೂಲಿನಿಂದ ಕೆಲಸ ಮುಂದುವರಿಸಿದೆ. ಅದನ್ನು ಅಂದು ನ್ಯಾಯವೆಂದು ತಿಳಿದಿದ್ದೆ. ಈಗ ಹಾಗೆ ಹೇಳುವ ಧೈರ್ಯವಿಲ್ಲ... ಮಧ್ಯಾಹ್ನದ ಊಟಕ್ಕೆ ಅವರಂಥ ಜೊತೆಗಾರ ಮತ್ತೆ ಸಿಗಲಿಲ್ಲ.

ಮೊನ್ನೆ ಮನೆಯ ಮಿಕ್ಸರ್ ನಿಂತಿತು. ಸ್ಕ್ರೂಡ್ರೈವರ್ ಹಿಡಿದು ಕುಳಿತೆ. ಕೈ ಮುಂದಕ್ಕೆ ಹೋಗಲಿಲ್ಲ. ಹೊಸ ಮಷಿನ್ ಯಾವುದೇ ಇರಲಿ, ಮೊದಲ ತಿರುಪಿನ ಮುಂದೆ ಇಂದಿಗೂ ಹೀಗೆಯೇ ಆಗುತ್ತದೆ.

"ಬಿಚ್ಚರೆ ಬಿಚ್ಚರಿ, ಏನ್ ನೋಡ್ಕೋತ ಕುಂತೀರಿ?" ಎಂದಳು ಹೆಂಡತಿ.

ಕಾಕಾ ಆಡಿದ ಕೈಗುಣದ ಮಾತು ಸುಳ್ಳೆಂದು ನನ್ನ ಬುದ್ಧಿ ಅಂದೇ ಒಪ್ಪಿತ್ತು. ಕೈ ಇನ್ನೂ ಒಪ್ಪಿಲ್ಲ.