ನವಾಜನ ಎಡಭುಜ

ನಮ್ಮ ಮನೆಯ ಬಟ್ಟೆ ಒಣಹಾಕುವ ತಂತಿಯ ಮೇಲೆ, ಅಪ್ಪನ ಪಂಚೆ ಅವ್ವನ ಸೀರೆಗಳ ನಡುವೆ, ಮೊಣಕಾಲುದ್ದದ ಎರಡು ಹಳದಿ ಕಾಲುಚೀಲಗಳು ಜೋತುಬಿದ್ದ ದಿನವೇ ತಿಪ್ಪಸಂದ್ರದ ನಮ್ಮ ಬೀದಿಗೆ ಫುಟ್‌ಬಾಲ್ ಬಂತೆನ್ನಬೇಕು. ಅಜ್ಜಿ ಒಂದರೊಳಕ್ಕೆ ಮೊಣಕೈವರೆಗೂ ಕೈ ತೂರಿಸಿ, "ಇದೇನ್ಲಾ, ಕಾಲ್ಗೆ ಹಾಕ್ಕತೀಯೋ, ರಾಗಿ ತುಂಬುಸ್ಕತೀಯೋ?" ಎಂದಳು. ನಾನೂ ಅವಳಂತೆಯೇ ಬೊಚ್ಚುಬಾಯಿ ಮಾಡಿಕೊಂಡು ಆ ಪ್ರಶ್ನೆಯನ್ನು ಅವಳಿಗೇ ಒಪ್ಪಿಸಿದೆ. ಅದೇ ಕಾಲುಚೀಲದಿಂದ ಬೆನ್ನಿಗೊಂದು ಬಿತ್ತು.

ಅಣಕಿಸುವುದು ನನ್ನ ಹುಟ್ಟುಗುಣ, ಗೆಳೆಯರೇ. ಮಾಗಡಿಯ ನಮ್ಮ ಕಾಲೇಜು ತಂಡದಲ್ಲಿ ಬೆಂಚು ಕಾಯುವ ಭಾಗ್ಯ ಸಿಕ್ಕಿದ್ದೂ ಆ ಗುಣದಿಂದಲೇ, ಆಟದಿಂದಲ್ಲ. ವರ್ಷವರ್ಷವೂ ನಾವು ರಾಮನಗರದವರಿಗೆ ಸೋಲುತ್ತಿದ್ದೆವು. ಸೋಲಿಸುತ್ತಿದ್ದವನು ಅವರ ನವಾಜ್. ಅವನು ಎಡಭುಜವನ್ನು ತುಸು ಇಳಿಸಿದರೆ ಸಾಕು, ನಮ್ಮ ನಾಯಕ, ಕಲ್ಯದ ಕೆಂಪರಾಜು ಆ ಕಡೆಗೇ ವಾಲುತ್ತಿದ್ದ. ನವಾಜ್ ಈ ಕಡೆಯಿಂದ ದಾಟಿಹೋಗಿರುತ್ತಿದ್ದ.

ಕೆಂಪರಾಜುವಿಗೆ ಬಿಡದಿಯ ಹೊಸ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಭಾನುವಾರ ಪಂದ್ಯ, ಸೋಮವಾರದಿಂದ ಕಂಪನಿ ಬಸ್ಸು. "ಅಲ್ಲಿ ಅರ್ಧ ಜನ ರಾಮನಗರದವ್ರೇ ಅಂತೆ ಕಣ್ಲಾ. ಸೋತೋದ್ರೆ ದಿನಾ ಅವ್ರ್ ಮಕ ಹೆಂಗ್ ನೋಡ್ಲಿ?" ಎಂದ.

ಪಿ.ಟಿ. ಮೇಷ್ಟ್ರು ನನ್ನತ್ತ ತಿರುಗಿದರು. "ನನ್ನೂ ಸೇರಿಸಿ ಎಲ್ರುನ್ನೂ ಆಡ್ಕತೀಯಲ್ಲ, ಆ ನವಾಜ್‌ನ ಒಸಿ ಆಡ್ಕಂಡ್ ತೋರ್ಸು ನೋಡಾನ!"

ಹೀಗೆ ನಾನು ನವಾಜನಾದೆ. ಸಂಜೆ ಸಂಜೆಯೂ ಅವನಂತೆ ಕೂದಲು ನೇವರಿಸಿ, ಅವನಂತೆ ಭುಜ ಇಳಿಸಿ, ಅವನಂತೆ ದಾಟಿದೆ. ಕೆಂಪರಾಜು ಕೆಮ್ಮಣ್ಣಿನಲ್ಲಿ ಉರುಳುತ್ತಿದ್ದ, ಏಳುತ್ತಿದ್ದ, "ಇನ್ನೊಂದ್ಸಲ ಬಾರ್ಲಾ" ಎನ್ನುತ್ತಿದ್ದ. ಕೊನೆಗೊಂದು ಸಂಜೆ ನನ್ನ ಭುಜವನ್ನು ನೋಡುವುದನ್ನೇ ಬಿಟ್ಟು ಚೆಂಡನ್ನು ನೋಡಿದ. ಅಂದು ಉರುಳಿದವನು ನಾನು.

ಒಬ್ಬನನ್ನು ಅಣಕಿಸಬೇಕಾದರೆ ಅವನನ್ನು ಅದೆಷ್ಟು ದಿಟ್ಟಿಸಬೇಕು! ಅಷ್ಟು ದಿಟ್ಟಿಸಿದ ಮೇಲೆ ಹಗೆಗೆ ಜಾಗವಾದರೂ ಎಲ್ಲಿ ಉಳಿಯುತ್ತದೆ? ಸ್ವಂತ ಅಣ್ಣನ ನಡಿಗೆ ನೆನಪಾಗದ ನನಗೆ ನವಾಜನ ನಡಿಗೆ ಕನಸಿನಲ್ಲೂ ಬರುತ್ತಿತ್ತು. ನನ್ನ ನಡಿಗೆ ಮಾತ್ರ, ಊರಿನವರ ನಡಿಗೆಗಳನ್ನೆಲ್ಲ ಕಡ ತಂದ ಗದ್ದಲದಲ್ಲಿ, ಎಲ್ಲೋ ಕಳೆದುಹೋಗಿತ್ತು.

ಪಂದ್ಯದ ದಿನ ನವಾಜ್ ಭುಜ ಇಳಿಸಿದಾಗಲೆಲ್ಲ ಕೆಂಪರಾಜು ಕಂಬದಂತೆ ನಿಂತ. ಎರಡೂ ಕಡೆ ಗೋಲಿಲ್ಲ. ಆಟ ಮುಗಿಯುವ ಹೊತ್ತಿಗೆ ನಮ್ಮವನೊಬ್ಬನ ಪಾದ ಉಳುಕಿ, ಬೇರೆ ಗತಿಯಿಲ್ಲದೆ ಮೇಷ್ಟ್ರು ನನ್ನನ್ನು ಇಳಿಸಿದರು. ಇಳಿದ ಕ್ಷಣಕ್ಕೇ ಚೆಂಡು ನನ್ನ ಕಾಲಿಗೆ! ಎದುರಿಗೆ ಗೋಲ್‌ಕೀಪರ್ ಒಬ್ಬನೇ. ನಾನು ಎಡಭುಜ ಇಳಿಸಿ ಬಲಕ್ಕೆ ಒದ್ದೆ, ಥೇಟ್ ನವಾಜ್. ಗೋಲ್‌ಕೀಪರ್ ಆಗಲೇ ಅತ್ತಲೇ ಬಂದು, ತೊಟ್ಟಿಲಿಂದ ಮಗು ಎತ್ತಿಕೊಳ್ಳುವಂತೆ ಚೆಂಡನ್ನೆತ್ತಿಕೊಂಡ. ಅವನು ಅಭ್ಯಾಸದಲ್ಲಿ ದಿನವೂ ಎದುರಿಸುತ್ತಿದ್ದುದು ಅಸಲಿ ನವಾಜನನ್ನೇ ಅಲ್ಲವೇ! ನವಾಜ್ ಹೊಟ್ಟೆ ಹಿಡಿದು ನಕ್ಕ: "ಏನ್ ಗುರು, ನಮ್ ಮಾಲು ನಮ್ಗೇ ಮಾರ್ತೀಯಾ?"

ಓಡಿಬಂದ ಕೆಂಪರಾಜು ಬೈಯಲಿಲ್ಲ. "ಅವನಂಗೆ ಬ್ಯಾಡ ಕಣ್ಲಾ. ಒಂದ್ಸಲ ನಿನ್ನಂಗೆ ಒದಿ," ಎಂದ.

ನನ್ನಂಗೆ ಅಂದರೆ ಹೆಂಗೆ? ಕೇಳುವಷ್ಟರಲ್ಲಿ ಅವನು ಹಿಂದಕ್ಕೋಡಿ, ಗೋಲ್‌ಕೀಪರ್ ಒದ್ದ ಚೆಂಡನ್ನು ತಿರುಗಿ ಬಾರಿಸಿದ್ದ; ಅದು ನನ್ನತ್ತಲೇ ಬರುತ್ತಿತ್ತು. ಯಾರ ಕಾಲನ್ನು ಕಡ ತರಲೆಂದು ಯೋಚಿಸಲೂ ಬಿಡುವಿಲ್ಲ. ಬೀಸಿದೆ. ಒಂದು ಕಾಲು ಆಕಾಶಕ್ಕೆ ಹೋಯಿತು, ಕುಂಡಿ ನೆಲಕ್ಕೆ ಬಂತು, ಚೆಂಡು ಮೊಣಕಾಲ ಕೆಳಗಿನ ಮೂಳೆಗೆ ಬಡಿದು ಕಪ್ಪೆಯಂತೆ ಕುಪ್ಪಳಿಸಿ, ಎತ್ತಲೋ ಹಾರಿದ್ದ ಗೋಲ್‌ಕೀಪರನ ಪಕ್ಕದಿಂದ ಒಳಗೆ ನುಸುಳಿತು. ನಾವು ಗೆದ್ದೆವು.

ಸೋಮವಾರ ಬೆಳಿಗ್ಗೆ ಕೆಂಪರಾಜು ಹೊಸ ಯೂನಿಫಾರಂ ತೊಟ್ಟು ಕಂಪನಿ ಬಸ್ಸಿನ ಮೆಟ್ಟಿಲ ಮೇಲೆ ನಿಂತಿದ್ದ. ನನ್ನನ್ನು ಕಂಡವನೇ ಕಂಬಿ ಹಿಡಿದು ಒಂದು ಕಾಲು ಆಕಾಶಕ್ಕೆತ್ತಿ, ಕಣ್ಣು ಮೇಲುಗಣ್ಣು ಮಾಡಿ, ದೊಪ್ಪನೆ ಮೆಟ್ಟಿಲ ಮೇಲೆ ಕುಕ್ಕರಿಸಿದ. ಬಸ್ಸಿಗೆ ಬಸ್ಸೇ ನಕ್ಕಿತು. ನಾನು ನಗಲು ತುಸು ತಡವಾಯಿತು. ಅದುವರೆಗೆ ನನ್ನನ್ನು ನನಗೆ ಯಾರೂ ತೋರಿಸಿರಲಿಲ್ಲ.

ಬಸ್ಸು ಬಿಡದಿಯ ಕಡೆ ಹೊರಟಿತು. ಕೆಂಪರಾಜು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ: "ಓಗಿದ್ ತಕ್ಷಣ ರಾಮನಗರದವ್ರಿಗೆ ಇದ್ನೇ ತೋರುಸ್ತೀನಿ ಕಣ್ಲಾ!"